ಬಾತ್ ನಗರ ನೋಡಲು ಒಂದು ದಿನ ಸಾಕೇ?

ಪ್ರಶ್ನೆ: ನಾವು ಲಂಡನ್ ಪಕ್ಕದ ಸ್ಲೌನಲ್ಲಿದ್ದೇವೆ. ಜೂನ್ ಮೂರನೇ ವಾರ ದಾವಣಗೆರೆಯಿಂದ ಅಪ್ಪ, ಅಮ್ಮ ಬರುತ್ತಿದ್ದಾರೆ. ಅಪ್ಪನಿಗೆ 72. ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದವರು, ಬಿ.ಪಿ. ಮಾತ್ರೆ ತೆಗೆದುಕೊಳ್ಳುತ್ತಾರೆ. ಅಮ್ಮನಿಗೆ 66, ಮಂಡಿನೋವು, ಮೆಟ್ಟಿಲು ಹತ್ತುವುದು ಕಷ್ಟ. ಇಬ್ಬರೂ ಮೊಟ್ಟೆಯನ್ನೂ ತಿನ್ನುವುದಿಲ್ಲ. ನನಗೂ ಹೆಂಡತಿಗೂ ನಾಲ್ಕು ದಿನ ರಜೆ ಸಿಕ್ಕಿದೆ, ಕಾರಿಲ್ಲ. ಲಂಡನ್ನಿನಿಂದ ಒಂದೇ ದಿನದಲ್ಲಿ ವಿಂಡ್ಸರ್ ಕೋಟೆ, ಸ್ಟೋನ್‌ಹೆಂಜ್ ಎಂಬ ಪುರಾತನ ಕಲ್ಲಿನ ವೃತ್ತ, ಬಾತ್ ಮೂರನ್ನೂ ತೋರಿಸುವ ಬಸ್ಸಿದೆ, ಅಷ್ಟು ಸಾಕು ಎನ್ನುತ್ತಾರೆ ಸ್ನೇಹಿತರು. ಬಾತ್‌ನಲ್ಲೇ ಉಳಿದು ಸುತ್ತಾಡೋಣ ಎಂದು ನನ್ನಾಸೆ. ಅಲ್ಲಿನ ಬಿಸಿನೀರಿನಲ್ಲಿ ಮಿಂದರೆ ಮಂಡಿನೋವು ಹೋಗುತ್ತದೆ ಎಂದು ಅಮ್ಮನಿಗೆ ಯಾರೋ ಹೇಳಿಬಿಟ್ಟಿದ್ದಾರೆ. ನಿಜವೇ? ಸ್ಟೋನ್‌ಹೆಂಜ್ ಕಲ್ಲುಗಳನ್ನು ಹತ್ತಿರದಿಂದ ಮುಟ್ಟಿ ನೋಡಬಹುದೇ? ವಯಸ್ಸಾದವರನ್ನು ಕರೆದುಕೊಂಡು ಇದೆಲ್ಲ ಆಗುವ ಮಾತೇ?

ಉತ್ತರ: ಆಗುವ ಮಾತೇ. ನಿಮ್ಮಾಸೆಯೇ ಸರಿ, ಸ್ನೇಹಿತರ ಸಲಹೆ ನಿಮ್ಮ ಮನೆಗೆ ಹೊಂದುವುದಿಲ್ಲ. ಇಂಗ್ಲೆಂಡಿನ ಈ ಪಶ್ಚಿಮ ಭಾಗದಲ್ಲಿ ನಮ್ಮ ಕಡೆಯ ಕುಟುಂಬಗಳನ್ನು ಸುತ್ತಾಡಿಸುವುದು ನನ್ನ ಕಸುಬು. ಊರಿನಿಂದ ಬಂದ ಹಿರಿಯರು ದಣಿಯುವುದು ನಡಿಗೆಗಿಂತ ಹೆಚ್ಚಾಗಿ ಗಡಿಬಿಡಿಯಿಂದ. ಏಳಕ್ಕೆ ಎದ್ದು, ಎಂಟಕ್ಕೆ ಬಸ್ಸು ಹಿಡಿದು, ಇಳಿದಲ್ಲೆಲ್ಲ ಗೈಡ್ ಹೇಳಿದ ಗಂಟೆಗೆ ಮತ್ತೆ ಹತ್ತಬೇಕು. ಶೌಚಾಲಯದ ಸಾಲಿನಲ್ಲಿ ನಿಂತಾಗಲೂ ಕಣ್ಣು ಗಡಿಯಾರದ ಮೇಲೆ. ನೀವು ಹೇಳಿದ ಮೂರೂ ಜಾಗ ಮುಟ್ಟಿ ಲಂಡನ್ನಿಗೆ ವಾಪಸಾಗುವಷ್ಟರಲ್ಲಿ ಬಸ್ಸು 350 ಕಿಲೋಮೀಟರಿಗಿಂತ ಹೆಚ್ಚು ಓಡಿರುತ್ತದೆ. ಸ್ಟೋನ್‌ಹೆಂಜ್ ಪಕ್ಕದ ಎ303 ರಸ್ತೆ ಅಲ್ಲಿ ಎರಡೂ ದಿಕ್ಕಿಗೆ ಒಂದೊಂದೇ ಸಾಲಿಗೆ ಕಿರಿದಾಗುವುದರಿಂದ ಬೇಸಿಗೆಯಲ್ಲಿ ವಾಹನಗಳು ಆಮೆಯ ನಡಿಗೆ ನಡೆಯುತ್ತವೆ. ಅಲ್ಲೊಂದು ಸುರಂಗ ತೋಡುವ ಯೋಜನೆಯಿತ್ತು, 2024ರಲ್ಲಿ ಸರ್ಕಾರ ಅದನ್ನು ಕೈಬಿಟ್ಟಿತು. ದಾರಿಯಲ್ಲಿ ಹೋದ ಹೊತ್ತನ್ನು ಕಡೆಯ ನಿಲ್ದಾಣದಲ್ಲಿ ಕತ್ತರಿಸುತ್ತಾರೆ, ಆ ಕಡೆಯ ನಿಲ್ದಾಣ ಸಾಮಾನ್ಯವಾಗಿ ಬಾತ್. ಅಲ್ಲಿ ಒಂದೂವರೆ, ಎರಡು ಗಂಟೆ ಸಿಕ್ಕರೆ ಪುಣ್ಯ. ಹೋದ ಪುಟ್ಟ, ಬಂದ ಪುಟ್ಟ.

ಈ ಬಸ್ಸುಗಳು ಕೆಟ್ಟವು ಎನ್ನುತ್ತಿಲ್ಲ. ಲಂಡನ್ನಿನಲ್ಲಿ ಎರಡೇ ದಿನ ಇರುವ, ಗಟ್ಟಿ ಕಾಲಿನವರಿಗೆ ಅದಕ್ಕಿಂತ ಅಗ್ಗದ ದಾರಿಯಿಲ್ಲ. ನಿಮಗೆ ನಾಲ್ಕು ದಿನವಿದೆ.

ಮೊದಲು ಅಮ್ಮನವರ ಬಿಸಿನೀರಿನ ವಿಷಯ ಮುಗಿಸೋಣ, ಏಕೆಂದರೆ ಬಹಳ ಜನ ನಿರಾಸೆಗೊಳ್ಳುವುದು ಇಲ್ಲೇ. ಬಾತ್‌ನಲ್ಲಿ ರೋಮನ್ನರು ಕಟ್ಟಿದ ಸ್ನಾನಗೃಹ ಇಂದು ವಸ್ತುಸಂಗ್ರಹಾಲಯ. ಆ ನೀರಿಗೆ ಕೈ ಹಾಕುವುದೂ ನಿಷಿದ್ಧ, ಮೀಯುವ ಮಾತಂತೂ ದೂರ. 1978ರಲ್ಲಿ ಅಲ್ಲಿನ ಬಿಸಿನೀರಿನಲ್ಲಿ ಈಜಿದ ಒಬ್ಬ ಬಾಲಕಿ ಮಿದುಳಿಗೆ ಸೋಂಕು ತಗುಲಿ ತೀರಿಕೊಂಡಳು. ಬೆಚ್ಚಗಿನ ನೀರಿನಲ್ಲಿ ಬದುಕುವ ಒಂದು ಬಗೆಯ ಅಮೀಬಾ ಮೂಗಿನ ಮೂಲಕ ಒಳಹೋಗಿ ಮಿದುಳು ಸೇರುವುದರಿಂದ ಬರುವ ಕಾಯಿಲೆ ಅದು. ಅಲ್ಲಿಂದಾಚೆ ಊರಿನ ಬಿಸಿನೀರಿನ ಸ್ನಾನವೇ ನಿಂತುಹೋಯಿತು. ಇನ್ನೊಂದು ಕಾರಣವೂ ಇದೆ. ದೊಡ್ಡ ಕೊಳದ ತಳಕ್ಕೆ ರೋಮನ್ನರು ಹಾಸಿದ 45 ಸೀಸದ ಹಲಗೆಗಳು ಇವತ್ತಿಗೂ ಅಲ್ಲೇ ಇವೆ. ನೀರು ಹಸಿರಾಗಿ ಕಾಣುವುದನ್ನು ನೋಡಿ ಖನಿಜದ ಮಹಿಮೆ ಎಂದುಕೊಳ್ಳುವವರಿದ್ದಾರೆ. ಅದು ಬರೀ ಪಾಚಿ. ರೋಮನ್ನರ ಕಾಲದಲ್ಲಿ ಕೊಳದ ಮೇಲೆ ಚಾವಣಿ ಇತ್ತು. ಈಗ ಬಿಸಿಲು ನೇರವಾಗಿ ಬೀಳುತ್ತದೆ, ಪಾಚಿ ಬೆಳೆಯುತ್ತದೆ.

ಮೀಯಲೇಬೇಕೆಂದರೆ ಬೇರೆ ಜಾಗವಿದೆ. 2006ರಲ್ಲಿ ತೆರೆದ ಥರ್ಮೆ ಬಾತ್ ಸ್ಪಾದಲ್ಲಿ ಅದೇ ಬುಗ್ಗೆಗಳ ನೀರನ್ನು ಹೊಸ ಕೊಳವೆಬಾವಿಗಳಿಂದ ಎತ್ತಿ, ಶುದ್ಧ ಮಾಡಿ, ಮೈಗೆ ಹಿತವಾಗುವಷ್ಟು ಆರಿಸಿ ಕೊಳಕ್ಕೆ ಬಿಡುತ್ತಾರೆ. ಮಹಡಿಯ ಮೇಲೂ ಒಂದು ತೆರೆದ ಕೊಳವಿದೆ. ಮೇಲೇರಲು ಲಿಫ್ಟಿದೆ. ಆದರೆ ಗಂಡಸರು, ಹೆಂಗಸರು ಒಂದೇ ಕೊಳದಲ್ಲಿರುತ್ತಾರೆ, ಈಜುಡುಗೆಯೇ ಬೇಕು, ಸೀರೆ, ಚೂಡಿದಾರ್‌ನಲ್ಲಿ ಇಳಿಯಲು ಬಿಡುವುದಿಲ್ಲ. ಅಮ್ಮನವರಿಗೆ ಈ ಸಂಕೋಚ ದಾಟಲು ಆದೀತೇ ಎಂದು ಊರಿನಲ್ಲಿರುವಾಗಲೇ ಕೇಳಿಕೊಳ್ಳಿ. ಬಾಗಿಲವರೆಗೆ ಬಂದು ಒಲ್ಲೆ ಎಂದವರನ್ನು ಕಂಡಿದ್ದೇನೆ, ಅಷ್ಟರಲ್ಲಿ ಟಿಕೆಟಿನ ಹಣ ಹೋಗಿರುತ್ತದೆ. ಮೈಮುಚ್ಚುವ ಈಜುಡುಗೆ ನಡೆಯುತ್ತದೆಯೇ ಎಂಬುದನ್ನೂ ಬುಕ್ ಮಾಡುವ ಮುಂಚೆ ವಿಚಾರಿಸಿ.

ಮಂಡಿನೋವು ಹೋಗುತ್ತದೆಯೇ? ಇಲ್ಲ. ಬೆಚ್ಚಗಿನ ನೀರಿನಲ್ಲಿ ದೇಹದ ಭಾರ ಕಡಿಮೆಯಾಗಿ, ಬಿಗಿದ ಸ್ನಾಯು ಸಡಿಲಗೊಂಡು ಒಂದಷ್ಟು ಹೊತ್ತು ಆರಾಮ ಸಿಗುತ್ತದೆ. ಆ ಆರಾಮ ಸುಳ್ಳಲ್ಲ, ಆದರೆ ಸವೆದ ಕೀಲು ಅದರಿಂದ ಮರಳಿ ಬೆಳೆಯುವುದಿಲ್ಲ. ಈ ನಂಬಿಕೆ ಊರಿನಷ್ಟೇ ಹಳೆಯದು. 18ನೇ ಶತಮಾನದಲ್ಲಿ ಸಂಧಿವಾತದಂಥ ಕಾಯಿಲೆಗಳ ಬಡ ರೋಗಿಗಳಿಗಾಗಿ ಇಲ್ಲೊಂದು ಆಸ್ಪತ್ರೆಯನ್ನೇ ಕಟ್ಟಿದ್ದರು. ಅಪ್ಪನವರ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಬಿ.ಪಿ. ಮಾತ್ರೆ ತೆಗೆದುಕೊಳ್ಳುವವರು ಬಿಸಿನೀರಿನಿಂದ ಥಟ್ಟನೆ ಎದ್ದರೆ ರಕ್ತದೊತ್ತಡ ಇಳಿದು ತಲೆ ತಿರುಗಬಹುದು. ಅವರ ವೈದ್ಯರನ್ನು ಕೇಳದೆ ಕೊಳ ಬೇಡ, ಉಗಿಕೋಣೆ ಬೇಡವೇ ಬೇಡ.

ಹಾಗಾದರೆ ರೋಮನ್ ಸ್ನಾನಗೃಹ ನೋಡಲು ಹೋಗುವುದೇಕೆ? ನನ್ನನ್ನು ಕೇಳಿದರೆ, ನಿಮ್ಮ ಇಡೀ ಪ್ರವಾಸದಲ್ಲಿ ವಿಜ್ಞಾನದ ಮೇಷ್ಟ್ರಿಗೆ ಅದೇ ಹಬ್ಬ. ಸಾವಿರಾರು ವರ್ಷಗಳ ಹಿಂದೆ ದಕ್ಷಿಣದ ಮೆಂಡಿಪ್ ಗುಡ್ಡಗಳ ಮೇಲೆ ಬಿದ್ದ ಮಳೆ ಸುಣ್ಣಕಲ್ಲಿನ ಪದರಗಳಲ್ಲಿ ಕಿಲೋಮೀಟರುಗಟ್ಟಲೆ ಆಳಕ್ಕೆ ಇಳಿದು, ಭೂಮಿಯ ಒಳಬಿಸಿಗೆ ಕಾದು, ಬಂಡೆಯ ಬಿರುಕಿನ ಮೂಲಕ ಬಾತ್‌ನಲ್ಲಿ ಮೇಲೇಳುತ್ತದೆ. ಇಲ್ಲಿ ಜ್ವಾಲಾಮುಖಿ ಇಲ್ಲ, ಬಿಸಿಯಾಗಿಸುವುದು ಆಳವೊಂದೇ. ಹೊರಬರುವಾಗ ಸುಮಾರು 46 ಡಿಗ್ರಿ, ದಿನಕ್ಕೆ ಹತ್ತು ಲಕ್ಷ ಲೀಟರಿಗೂ ಮಿಗಿಲು. ಹೆಚ್ಚಾದ ನೀರು ಹರಿದುಹೋಗುವ ರೋಮನ್ ಚರಂಡಿ ಈಗಲೂ ಕೆಲಸ ಮಾಡುತ್ತಿದೆ. ಬಿಸಿಕೋಣೆಗಳ ನೆಲವನ್ನು ಗಿಡ್ಡ ಇಟ್ಟಿಗೆ ಕಂಬಗಳ ಮೇಲೆ ಎತ್ತಿ ಕಟ್ಟಿ, ಕೆಳಗೆ ಬಿಸಿಗಾಳಿ ಹಾಯಿಸುತ್ತಿದ್ದರು. ಆ ಕಂಬಗಳ ಸಾಲನ್ನು ನೋಡಬಹುದು. ಪಕ್ಕದ ಬಾತ್ ಅಬ್ಬಿ ಚರ್ಚಿನ ನೆಲವನ್ನು ಈಚಿನ ದುರಸ್ತಿಯ ನಂತರ ಇದೇ ಬುಗ್ಗೆಯ ಹರಿದುಹೋಗುವ ನೀರಿನ ಶಾಖದಿಂದ ಬೆಚ್ಚಗಿಡುತ್ತಿದ್ದಾರೆ. ರೋಮನ್ನರ ಉಪಾಯಕ್ಕೂ ಇದಕ್ಕೂ ನಡುವೆ ಎರಡು ಸಾವಿರ ವರ್ಷ.

ಅಮ್ಮನವರಿಗೆ ಶಾಪದ ತಗಡುಗಳನ್ನು ತೋರಿಸಲು ಮರೆಯಬೇಡಿ. ಸ್ನಾನಕ್ಕಿಳಿದಾಗ ಬಟ್ಟೆ ಕಳೆದುಕೊಂಡವರು ಕಳ್ಳನ ಮೇಲೆ ಸೀಸದ ತಗಡಿನಲ್ಲಿ ಶಾಪ ಬರೆದು, ಮಡಿಸಿ, ಸುಲಿಸ್ ಮಿನರ್ವಾ ದೇವಿಯ ಬುಗ್ಗೆಗೆ ಎಸೆಯುತ್ತಿದ್ದರು. ಸುಮಾರು 130 ಸಿಕ್ಕಿವೆ. ಮೇಲಂಗಿ ಕಳೆದುಕೊಂಡ ಒಬ್ಬ, ಕದ್ದವರು ಗಂಡಾಗಲಿ ಹೆಣ್ಣಾಗಲಿ ನಿದ್ದೆ ಬಾರದಿರಲಿ, ಮಕ್ಕಳಾಗದಿರಲಿ ಎಂದು ಬೇಡಿಕೊಂಡಿದ್ದಾನೆ. ನಮ್ಮೂರ ಅಜ್ಜಿಯರು ಮಣ್ಣು ತೂರಿ ಹಾಕುವ ಶಾಪಕ್ಕೆ ಇದೇನೂ ಕಡಿಮೆಯಿಲ್ಲ. ಒಳಗೆ ಲಿಫ್ಟುಗಳಿವೆ, ಆದರೆ ದೊಡ್ಡ ಕೊಳದ ಸುತ್ತಲ ಹಾಸುಗಲ್ಲು ಸವೆದು ಏರುತಗ್ಗಾಗಿದೆ. ಕೈಹಿಡಿದು ನಡೆಸಿ. ಕೊಳದ ನೀರನ್ನು ಬಾಟಲಿಗೆ ತುಂಬುವ ಯೋಚನೆ ಬೇಡ. ಕುಡಿದು ನೋಡಬೇಕೆಂದರೆ ಶುದ್ಧೀಕರಿಸಿದ ಬುಗ್ಗೆ ನೀರು ಅಲ್ಲಿಯೇ ಸಿಗುತ್ತದೆ. ಬೆಚ್ಚಗೆ, ಕಬ್ಬಿಣದ ರುಚಿ. ಒಂದು ಗುಟುಕು ಕುಡಿದು ಮುಖ ಕಿವುಚದವರು ಕಡಿಮೆ.

ಊರಿನೊಳಗಿನ ತೊಂದರೆ ದೂರದ್ದಲ್ಲ, ಏರಿನದು. ಬಾತ್ ಇರುವುದು ಬಟ್ಟಲಿನಂಥ ಕಣಿವೆಯಲ್ಲಿ. ರೈಲು ನಿಲ್ದಾಣ, ಅಬ್ಬಿ, ಸ್ನಾನಗೃಹ, ಇಕ್ಕೆಲಗಳಲ್ಲೂ ಅಂಗಡಿಗಳಿರುವ ಪುಲ್ಟ್‌ನಿ ಸೇತುವೆ, ಎಲ್ಲ ತಳದಲ್ಲಿವೆ, ಹೆಚ್ಚುಕಡಿಮೆ ಸಮತಟ್ಟು. ರಾಯಲ್ ಕ್ರೆಸೆಂಟ್ ಮೇಲಿದೆ. 1767ರಿಂದ 1774ರ ನಡುವೆ ಜಾನ್ ವುಡ್ ದಿ ಯಂಗರ್ ಅರ್ಧಚಂದ್ರಾಕಾರದಲ್ಲಿ ಕಟ್ಟಿಸಿದ 30 ಮನೆಗಳ ಸಾಲು ಅದು, ಜೇನುಬಣ್ಣದ ಸ್ಥಳೀಯ ಸುಣ್ಣಕಲ್ಲಿನದು. ಮ್ಯಾಪು ಹದಿನೈದಿಪ್ಪತ್ತು ನಿಮಿಷದ ನಡಿಗೆ ಎನ್ನುತ್ತದೆ, ನೋಯುವ ಮಂಡಿಯ ಲೆಕ್ಕ ಅದಕ್ಕೆ ಗೊತ್ತಿಲ್ಲ. ಅಲ್ಲಿಗೆ ಹೋಗುವ ಗೇ ಸ್ಟ್ರೀಟ್ ಎಂಬ ಏರುಬೀದಿಯನ್ನು ಅಮ್ಮನವರಿಂದ ಹತ್ತಿಸಬೇಡಿ. ಊರು ಸುತ್ತುವ ತೆರೆದ ಮಹಡಿಯ ಬಸ್ಸಿಗೆ ಟಿಕೆಟ್ ತೆಗೆದುಕೊಂಡು ಮೇಲಿನ ನಿಲ್ದಾಣದಲ್ಲಿ ಇಳಿಯಿರಿ. ಅದೇ ಟಿಕೆಟಿನಲ್ಲಿ ಸುತ್ತಲ ಗುಡ್ಡದ ಮೇಲಿನ ದಾರಿಯಲ್ಲೂ ಹೋಗಿಬರಬಹುದು, ಕೂತಲ್ಲೇ ಇಡೀ ಊರು ಕಾಣುತ್ತದೆ. ಇಳಿಯುವಾಗ ಕ್ರೆಸೆಂಟಿನ ಎದುರಿನ ರಾಯಲ್ ವಿಕ್ಟೋರಿಯಾ ಪಾರ್ಕಿನಲ್ಲಿ ಅಲ್ಲಲ್ಲಿ ಬೆಂಚುಗಳ ಮೇಲೆ ಕೂರುತ್ತ ಬನ್ನಿ. ಅಬ್ಬಿಯ ಗೋಪುರಕ್ಕೆ 212 ಮೆಟ್ಟಿಲು, ಅದನ್ನು ಮರೆತುಬಿಡಿ. ಒಳಗಿನ ಬೀಸಣಿಗೆಯಂತೆ ಹರಡಿದ ಕಲ್ಲಿನ ಚಾವಣಿಗೆ ಮೆಟ್ಟಿಲೇನೂ ಬೇಡ. ಗೋಡೆ ತುಂಬ ಸ್ಮಾರಕ ಫಲಕಗಳಿವೆ. ಈಸ್ಟ್ ಇಂಡಿಯಾ ಕಂಪನಿಯಲ್ಲಿ ದುಡ್ಡು ಮಾಡಿಕೊಂಡು, ಕಡೆಗಾಲಕ್ಕೆ ಇಲ್ಲಿಗೆ ಬಂದು ನೆಲೆಸಿದವರ ಹೆಸರುಗಳೂ ಅಲ್ಲಿವೆ.

ಅಪ್ಪನವರಿಗೆ ಇನ್ನೊಂದು ಮನೆಯನ್ನು ತೋರಿಸಿ. ನ್ಯೂ ಕಿಂಗ್ ಸ್ಟ್ರೀಟಿನ 19ನೇ ನಂಬರಿನ ಮನೆಯ ಹಿತ್ತಿಲಿನಿಂದ 1781ರ ಮಾರ್ಚ್ 13ರಂದು ವಿಲಿಯಂ ಹರ್ಷೆಲ್ ತಾನೇ ಕಟ್ಟಿದ ದೂರದರ್ಶಕದಲ್ಲಿ ಯುರೇನಸ್ ಗ್ರಹವನ್ನು ಗುರುತಿಸಿದ. ಆಗ ಅವನ ಕಸುಬು ಸಂಗೀತ. ತಂಗಿ ಕ್ಯಾರೊಲಿನ್ ಮುಂದೆ ತಾನೇ ಧೂಮಕೇತುಗಳನ್ನು ಕಂಡುಹಿಡಿದಳು. ಮನೆ ಈಗ ಪುಟ್ಟ ವಸ್ತುಸಂಗ್ರಹಾಲಯ. ಮೆಟ್ಟಿಲುಗಳು ಇಕ್ಕಟ್ಟು, ಅಮ್ಮ ಬೇಕಾದರೆ ಹೊರಗೆ ಎಲ್ಲಾದರೂ ಚಹಾ ಕುಡಿಯುತ್ತಿರಲಿ.

ಈಗ ಸ್ಟೋನ್‌ಹೆಂಜ್. ಬಾತ್‌ನಿಂದ ಸುಮಾರು 55 ಕಿಲೋಮೀಟರು, ಆದರೆ ನೇರ ಬಸ್ಸಿಲ್ಲ, ರೈಲಂತೂ ಇಲ್ಲ. ಕಲ್ಲುಗಳನ್ನು ಮುಟ್ಟಲು ಸಾಮಾನ್ಯ ಟಿಕೆಟಿನಲ್ಲಿ ಬಿಡುವುದಿಲ್ಲ. 1970ರ ದಶಕದ ಕೊನೆಯಿಂದ ಸುತ್ತ ಹಗ್ಗ ಕಟ್ಟಿದ್ದಾರೆ. ಜನರ ಕಾಲಿಗೆ ಹುಲ್ಲು ಸವೆದು ನೆಲ ಕೆಡುತ್ತಿತ್ತು, ಕಲ್ಲಿಗೂ ಪೆಟ್ಟಾಗುತ್ತಿತ್ತು. ಮುಂಜಾನೆಯೋ ಸಂಜೆಯೋ ಸಣ್ಣ ಗುಂಪಿಗೆ ಒಳಗೆ ನಡೆಯಲು ಬಿಡುವ ಬೇರೆ ಟಿಕೆಟ್ ಇದೆ, ಅದರಲ್ಲೂ ಮುಟ್ಟುವಂತಿಲ್ಲ. ಮತ್ತೆ ನೀವು ಗಮನಿಸದಿರುವ ಒಂದು ಸಂಗತಿ: ನೀವು ಹೇಳುವ ವಾರದಲ್ಲೇ ವರ್ಷದ ಅತಿ ದೀರ್ಘ ಹಗಲು ಬರುತ್ತದೆ. ಜೂನ್ 20ರ ರಾತ್ರಿಯಿಂದ 21ರ ಸೂರ್ಯೋದಯದವರೆಗೆ ಸಾವಿರಾರು ಜನ ಅಲ್ಲಿ ಸೇರುತ್ತಾರೆ, ಮಾಮೂಲಿ ವೇಳೆ ಅದಲುಬದಲಾಗುತ್ತದೆ. ಆ ರಾತ್ರಿ ಕಲ್ಲುಗಳ ನಡುವೆ ಬಿಡುತ್ತಾರೆ ನಿಜ, ಆದರೆ ಬಯಲಿನ ಚಳಿಗಾಳಿಯಲ್ಲಿ, ಆ ಗದ್ದಲದಲ್ಲಿ ನಿಮ್ಮ ಅಪ್ಪ, ಅಮ್ಮನನ್ನು ನಿಲ್ಲಿಸಬೇಡಿ. ಆ ಎರಡು ದಿನ ಬಿಟ್ಟು ಬೇರೆ ದಿನ ಹಿಡಿಯಿರಿ.

ಗೈಡುಗಳೂ ಕೆಲವೊಮ್ಮೆ ಹೇಳುವ ಒಂದು ಕಥೆ, ಡ್ರೂಯಿಡ್ ಪುರೋಹಿತರು ಇದನ್ನು ಕಟ್ಟಿದರು ಎಂಬುದು. ದೊಡ್ಡ ಕಲ್ಲುಗಳು ನಿಂತದ್ದು ಕ್ರಿಸ್ತಪೂರ್ವ 2500ರ ಸುಮಾರಿಗೆ. ಡ್ರೂಯಿಡರ ಸುದ್ದಿ ಬರುವುದು ಅದಾಗಿ ಎರಡು ಸಾವಿರ ವರ್ಷಕ್ಕೆ. 17, 18ನೇ ಶತಮಾನದ ಹವ್ಯಾಸಿ ಸಂಶೋಧಕರು ಅವರನ್ನು ತಂದು ಇದಕ್ಕೆ ಗಂಟುಹಾಕಿದರು. ಅದಕ್ಕಿಂತ ನಿಜವೇ ಸೊಗಸಾಗಿದೆ. ಸರಾಸರಿ 25 ಟನ್ ತೂಗುವ ದೊಡ್ಡ ಕಲ್ಲುಗಳಲ್ಲಿ ಬಹುಪಾಲು 25 ಕಿಲೋಮೀಟರ್ ಆಚೆಯ ವೆಸ್ಟ್ ವುಡ್ಸ್ ಕಾಡಿನವು ಎಂದು 2020ರಲ್ಲಿ ತಿಳಿಯಿತು. ಚಿಕ್ಕ ನೀಲಿಗಲ್ಲುಗಳು ವೇಲ್ಸಿನವು. ನಡುವೆ ಬಿದ್ದಿರುವ, ಬಲಿಪೀಠವೆಂದು ಕರೆಯುವ ಕಲ್ಲು ಸ್ಕಾಟ್‌ಲೆಂಡಿನ ಈಶಾನ್ಯ ಭಾಗದಿಂದ ಬಂದದ್ದು ಎಂದು 2024ರಲ್ಲಿ ಗೊತ್ತಾಯಿತು. ಬ್ರಿಟನ್ನಿಗೆ ಚಕ್ರ ಬಾರದಿದ್ದ ಕಾಲದಲ್ಲಿ ಅಷ್ಟು ದೂರದಿಂದ ಹೇಗೆ ತಂದರೆಂದು ಅಪ್ಪನವರೇ ಊಹಿಸಲಿ. ಸಂದರ್ಶಕರ ಕೇಂದ್ರದಿಂದ ಕಲ್ಲುಗಳ ಹತ್ತಿರಕ್ಕೆ ಎರಡು ಕಿಲೋಮೀಟರಿಗಿಂತ ಹೆಚ್ಚು, ಟಿಕೆಟಿನಲ್ಲೇ ಪುಟ್ಟ ಬಸ್ಸು ಸೇರಿದೆ. ಜೂನ್ ಎಂದು ನಂಬಿ ಸ್ವೆಟರ್ ಬಿಟ್ಟು ಹೋಗಬೇಡಿ, ಮರವಿಲ್ಲದ ಬಯಲು ಅದು.

ಹೋಗುವ ದಾರಿ ಮೂರು. ಬಾತ್‌ನಿಂದ ಸಾಲ್ಸ್‌ಬರಿಗೆ ರೈಲಿನಲ್ಲಿ ಒಂದು ಗಂಟೆ, ಅಲ್ಲಿಂದ ಸ್ಟೋನ್‌ಹೆಂಜ್‌ಗೆ ಪ್ರವಾಸಿ ಬಸ್ಸು. ಸಾಲ್ಸ್‌ಬರಿ ಕೆಥೀಡ್ರಲ್‌ನಲ್ಲಿ ರಾಜನ ಅಧಿಕಾರಕ್ಕೆ ಮಿತಿ ಹಾಕಿದ 1215ರ ಮ್ಯಾಗ್ನಾ ಕಾರ್ಟಾ ಸನ್ನದಿನ ಉಳಿದಿರುವ ನಾಲ್ಕು ಮೂಲಪ್ರತಿಗಳಲ್ಲಿ ಒಂದಿದೆ, ಬ್ರಿಟನ್ನಿನ ಚರ್ಚುಗಳಲ್ಲೇ ಎತ್ತರದ 123 ಮೀಟರಿನ ಶಿಖರವೂ ಅಲ್ಲಿನದೇ. ಈ ದಾರಿ ಅಗ್ಗ, ಆದರೆ ನಾಲ್ಕು ಸಲ ಹತ್ತಿ ಇಳಿಯಬೇಕು. ಎರಡನೆಯದು ಟ್ಯಾಕ್ಸಿ. ಕಾಯುವ ಹೊತ್ತೂ ಸೇರಿ ಬಾಡಿಗೆ ಎಷ್ಟೆಂದು ಮೊದಲೇ ಮಾತಾಡಿಕೊಳ್ಳದಿದ್ದರೆ ಮೀಟರು ನೋಡಿ ಅಪ್ಪನವರ ಬಿ.ಪಿ. ಏರುತ್ತದೆ. ಮೂರನೆಯದು, ನಿಮಗೆ ನಾನು ಹೇಳುವುದು, ಬಾತ್‌ನಿಂದಲೇ ಹೊರಡುವ ಸಣ್ಣ ವ್ಯಾನಿನ ಪ್ರವಾಸ. ಸ್ಟೋನ್‌ಹೆಂಜ್ ಜೊತೆಗೆ ಏವ್‌ಬರಿ, ಲೇಕಾಕ್, ಕ್ಯಾಸಲ್ ಕೂಂಬ್ ಎಂಬ ಹಳ್ಳಿಗಳು ಸೇರಿರುವ ಪ್ರವಾಸಗಳಿವೆ. ಬಾಡಿಗೆ ಕಾರು ಬೇಡ, ಬಾತ್‌ನಲ್ಲಿ ಅದನ್ನು ನಿಲ್ಲಿಸಲು ಜಾಗ ಹುಡುಕುವುದರಲ್ಲೇ ಅರ್ಧ ದಿನ ಕಳೆಯುತ್ತದೆ.

ಕಲ್ಲು ಮುಟ್ಟುವ ಆಸೆ ತೀರುವುದು ಏವ್‌ಬರಿಯಲ್ಲಿ. ಸ್ಟೋನ್‌ಹೆಂಜ್‌ಗಿಂತ ಬಹಳ ದೊಡ್ಡ ಕಲ್ಲಿನ ವೃತ್ತ, ಅರ್ಧ ಹಳ್ಳಿಯೇ ಅದರೊಳಗಿದೆ. ಕಲ್ಲುಗಳ ನಡುವೆ ಕುರಿ ಮೇಯುತ್ತಿರುತ್ತವೆ. ಹಗ್ಗವಿಲ್ಲ, ವೃತ್ತದೊಳಗೆ ಓಡಾಡಲು ದುಡ್ಡಿಲ್ಲ, ಬೆನ್ನು ಒರಗಿಸಿ ಕೂರಬಹುದು. ಎರಡರಲ್ಲಿ ಒಂದೇ ಎಂದರೆ ನಾನು ಏವ್‌ಬರಿಗೆ ಹೋಗುತ್ತೇನೆ. ಊರಿಗೆ ಹೋಗಿ ಫೋಟೋ ತೋರಿಸಬೇಕಾದವರು ಸ್ಟೋನ್‌ಹೆಂಜನ್ನು ಬಿಡಲಾರರು, ಅದೂ ಸರಿಯೇ. ಲೇಕಾಕ್ ಅಬ್ಬಿಯಲ್ಲಿ ಹೆನ್ರಿ ಫಾಕ್ಸ್ ಟಾಲ್ಬಟ್ 1835ರಲ್ಲಿ ತನ್ನ ಮನೆಯ ಕಿಟಕಿಯೊಂದರ ನೆಗೆಟಿವ್ ತೆಗೆದ. ಉಳಿದಿರುವ ಕ್ಯಾಮೆರಾ ನೆಗೆಟಿವ್‌ಗಳಲ್ಲಿ ಅದಕ್ಕಿಂತ ಹಳೆಯದಿಲ್ಲ. ಆ ಕಿಟಕಿ ಇನ್ನೂ ಇದೆ.

ಉಳಿದ ಒಂದು ದಿನಕ್ಕೆ ಹತ್ತಿರದ ಪುಟ್ಟ ಊರುಗಳಾದ ವೆಲ್ಸ್ ಅಥವಾ ಬ್ರಾಡ್‌ಫರ್ಡ್ ಆನ್ ಏವನ್. ವೆಲ್ಸ್‌ಗೆ 1960ರ ದಶಕದಲ್ಲಿ ರೈಲು ನಿಂತುಹೋಯಿತು, ಆಗ ಇಂಗ್ಲೆಂಡಿನ ಎಷ್ಟೋ ಸಣ್ಣ ಮಾರ್ಗಗಳನ್ನು ನಷ್ಟವೆಂದು ಮುಚ್ಚಿದರು. ಈಗ ಬಸ್ಸೊಂದೇ ಗತಿ, ಒಂದು ಗಂಟೆಯ ಮೇಲಾಗುತ್ತದೆ, ರಸ್ತೆ ತಿರುವುಮುರುವು. ಹೋದರೆ ಕೆಥೀಡ್ರಲ್ಲಿನ ಕತ್ತರಿಯಾಕಾರದ ಕಮಾನುಗಳನ್ನು ನೋಡಿ. ಗೋಪುರದ ಭಾರಕ್ಕೆ ಕಟ್ಟಡ ಬಿರುಕು ಬಿಟ್ಟಾಗ, 1338ರಿಂದ ಹತ್ತು ವರ್ಷದಲ್ಲಿ ಆನಿಕೆಯಾಗಿ ಕಟ್ಟಿದವು ಅವು. ಅಮ್ಮನವರಿಗೆ ಬಸ್ಸಿನಲ್ಲಿ ತಲೆ ಸುತ್ತುವುದಿದ್ದರೆ ಬ್ರಾಡ್‌ಫರ್ಡೇ ಸರಿ, ರೈಲಿನಲ್ಲಿ ಕಾಲು ಗಂಟೆ. ನದಿ, ಕಾಲುವೆ, 14ನೇ ಶತಮಾನದ ಭಾರೀ ಕಣಜ, ಸ್ಯಾಕ್ಸನ್ನರ ಕಾಲದ ಪುಟ್ಟ ಚರ್ಚು. ಮಧ್ಯಾಹ್ನದೊಳಗೆ ವಾಪಸ್. ಬ್ರಿಸ್ಟಲ್ಲೂ ಹತ್ತಿರ. 1833ರಲ್ಲಿ ಅಲ್ಲಿ ತೀರಿಕೊಂಡ ರಾಜಾ ರಾಮಮೋಹನ ರಾಯರ ಸಮಾಧಿ ಆರ್ನೋಸ್ ವೇಲ್ ಸ್ಮಶಾನದಲ್ಲಿದೆ. ಮೇಲೆ ದ್ವಾರಕಾನಾಥ ಟ್ಯಾಗೋರರು ಕಟ್ಟಿಸಿದ, ನಮ್ಮ ದೇಶದ ಶೈಲಿಯ ಕಲ್ಲಿನ ಛತ್ರಿ. ಸತಿ ಪದ್ಧತಿಯ ಪಾಠ ಮಾಡಿದ ಮೇಷ್ಟ್ರುಗಳನ್ನು ಕರೆದೊಯ್ದಾಗ ಅವರು ಅಲ್ಲಿಂದ ಬೇಗ ಹೊರಟದ್ದು ಕಂಡಿಲ್ಲ.

ಊಟದ ಬಗ್ಗೆ ನೀವು ಕೇಳಿಲ್ಲ, ಕೇಳಬೇಕಿತ್ತು. ಸಸ್ಯಾಹಾರ ಎಂದರೆ ಇಲ್ಲಿ ಮೊಟ್ಟೆ ಸೇರಿಯೇ ಇರುತ್ತದೆ. ಬಾತ್‌ನ ಹೆಸರಾಂತ ಬನ್ನುಗಳು, ಸ್ಕೋನುಗಳಲ್ಲಿ ಮೊಟ್ಟೆ ಇರಬಹುದು, ಅಲರ್ಜಿ ಪಟ್ಟಿ ತೋರಿಸಿ ಎಂದರೆ ತೋರಿಸುತ್ತಾರೆ. ಈ ಸೀಮೆಯದೇ ಆದ ಚೆಡ್ಡರ್ ಚೀಸಿನ ಸಾಂಪ್ರದಾಯಿಕ ಬಗೆಗಳಲ್ಲಿ ಹಾಲು ಒಡೆಸಲು ಕರುವಿನ ಹೊಟ್ಟೆಯ ರೆನೆಟ್ ಬಳಸುವುದುಂಟು. ಪೊಟ್ಟಣದ ಮೇಲೆ ಸಸ್ಯಾಹಾರಿಗಳಿಗೆ ಎಂದು ಬರೆದದ್ದನ್ನೇ ಕೊಳ್ಳಿ. ಚಿಪ್ಸ್ ಅಂಗಡಿಯಲ್ಲಿ ಎಣ್ಣೆ ಯಾವುದು, ಅದರಲ್ಲೇ ಮೀನು ಕರಿದಿದ್ದಾರೆಯೇ ಕೇಳಿ, ಕೆಲವರು ದನದ ಕೊಬ್ಬಿನಲ್ಲಿ ಕರಿಯುತ್ತಾರೆ. ಅಡುಗೆಮನೆಯಿರುವ ಜಾಗ ಹಿಡಿದು ಬೆಳಗ್ಗೆ ಒಂದು ಡಬ್ಬಿ ಚಿತ್ರಾನ್ನ, ಒಂದು ಡಬ್ಬಿ ಮೊಸರನ್ನ ಕಟ್ಟಿಕೊಂಡರೆ ಈ ವಿಚಾರಣೆಯೆಲ್ಲ ಅರ್ಧಕ್ಕೆ ಇಳಿಯುತ್ತದೆ.

ಆ ಜಾಗ ಹಿಡಿಯುವಾಗಲೇ ಎಡವುವುದು. ಬಾತ್‌ನ ಹಳೆಯ ಮನೆಗಳು ಸಂರಕ್ಷಿತ ಕಟ್ಟಡಗಳು, ಸುಲಭಕ್ಕೆ ಲಿಫ್ಟ್ ಕೂರಿಸುವಂತಿಲ್ಲ. ಫೋಟೋದಲ್ಲಿ ಅರಮನೆಯಂತಿರುವ ಫ್ಲ್ಯಾಟು ಮೂರನೇ ಮಹಡಿಯಲ್ಲೋ, ಕಡಿದಾದ ಮೆಟ್ಟಿಲಿಳಿಯುವ ನೆಲಮಾಳಿಗೆಯಲ್ಲೋ ಇರುತ್ತದೆ. ಬೀದಿಯಿಂದ ಹಾಸಿಗೆಯವರೆಗೆ ಎಷ್ಟು ಮೆಟ್ಟಿಲು, ಸ್ನಾನಕ್ಕೆ ಟಬ್ಬಿನ ಅಂಚು ದಾಟಬೇಕೇ ಎಂದು ಬರೆದು ಕೇಳಿ, ಬರೆದೇ ಉತ್ತರ ತರಿಸಿಕೊಳ್ಳಿ. ನಿಲ್ದಾಣದ ಹತ್ತಿರದ ಹೊಸ ಹೋಟೆಲುಗಳಲ್ಲಿ ಲಿಫ್ಟಿದೆ, ಅಡುಗೆಮನೆ ಇರುವುದಿಲ್ಲ. ಶುಕ್ರವಾರ, ಶನಿವಾರ ರಾತ್ರಿ ಬೆಲೆ ಜಿಗಿಯುತ್ತದೆ, ಆದ್ದರಿಂದ ಭಾನುವಾರ ಹೋಗಿ ಬುಧವಾರ ಮರಳಿ.

ಸ್ಲೌನಿಂದ ರೆಡಿಂಗ್‌ಗೆ ಬಂದು ಅಲ್ಲಿ ರೈಲು ಬದಲಿಸಿದರೆ ಅಲ್ಲಿಂದ ಬಾತ್‌ಗೆ ಒಂದು ಗಂಟೆ. ಮೂರರಿಂದ ಒಂಬತ್ತು ಜನ ಜೊತೆಯಾಗಿ ಹೋದರೆ, ದಟ್ಟಣೆಯಿಲ್ಲದ ಹೊತ್ತಿನ ಟಿಕೆಟಿನಲ್ಲಿ ಮೂರನೇ ಒಂದು ಭಾಗ ಕಡಿತವಿದೆ. ಗ್ರೂಪ್‌ಸೇವ್ ಎಂದು ಕೇಳಿ, ಯಾವ ಕಾರ್ಡೂ ಬೇಕಿಲ್ಲ. ಎಲ್ಲಕ್ಕಿಂತ ಮೊದಲು ಆ ಸಣ್ಣ ವ್ಯಾನನ್ನು ಬುಕ್ ಮಾಡಿ, ಅದರಲ್ಲಿ ಇರುವುದೇ ಹದಿನಾರರ ಆಸುಪಾಸು ಸೀಟು, ಜೂನಿನಲ್ಲಿ ಬೇಗ ತುಂಬುತ್ತದೆ. ಮೆಟ್ಟಿಲು ಎತ್ತರವಿದೆಯೇ, ಅಮ್ಮನವರಿಗೆ ಮುಂದಿನ ಸೀಟು ಕೊಡುತ್ತಾರೆಯೇ ಎಂದು ಆಗಲೇ ಕೇಳಿಕೊಳ್ಳಿ. ಆ ದಿನ ಗೊತ್ತಾದ ಮೇಲೆ ಉಳಿದ ದಿನಗಳನ್ನು ಹೇಗೆ ಬೇಕೋ ಹಾಗೆ ಜೋಡಿಸಿಕೊಳ್ಳಬಹುದು.